ಬ್ಯಾಟರಿಯಿಲ್ಲದ ಸೂಜಿಗಲ್ಲು

ವಿಜ್ಞಾನದ ಪುಟ

ಪುಣೆಯ ಸದಸ್ಯೆಯೊಬ್ಬರು ಈ ಪುಟಕ್ಕೆ ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. ಪ್ರಶ್ನೆ ಅವರದಲ್ಲ, ಎಂಟನೆಯ ಇಯತ್ತೆಯಲ್ಲಿ ಓದುತ್ತಿರುವ ಅವರ ಮಗಳದು. "ವಿದ್ಯುತ್ತು ಹರಿದರೆ ಕಾಂತಶಕ್ತಿ ಹುಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿಸಿದರು. ಹಾಗಾದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುವ ನಮ್ಮ ಗಣಪತಿಯ ಬೆನ್ನಿನ ಕಾಂತಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ!" ತಾಯಿ ಇಂಗ್ಲಿಷ್ ಪುಸ್ತಕ ತಿರುವಿ ನೋಡಿದರಂತೆ. ಕಬ್ಬಿಣದ ಒಳಗೆ ಎಲೆಕ್ಟ್ರಾನುಗಳು ಬುಗುರಿಯಂತೆ ಗಿರ್ರನೆ ತಿರುಗುತ್ತವೆ, ಕಾಂತಶಕ್ತಿ ಅದರಿಂದಲೇ, ಎಂದು ಅಲ್ಲಿ ಬರೆದಿತ್ತಂತೆ. ಮಗಳು ಬಿಡಲಿಲ್ಲ. "ಆ ಬುಗುರಿಗೆ ದಾರ ಸುತ್ತಿ ಬಿಟ್ಟವರು ಯಾರು? ಅದು ಯಾಕೆ ನಿಲ್ಲುವುದಿಲ್ಲ?"

ಇದು ಸಣ್ಣ ಪ್ರಶ್ನೆಯಲ್ಲ. ನೂರು ವರ್ಷಕ್ಕೂ ಮಿಕ್ಕಿ ದೊಡ್ಡ ದೊಡ್ಡ ಪಂಡಿತರನ್ನು ಕಾಡಿದ ಪ್ರಶ್ನೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದಕ್ಕೆ ಇನ್ನೂ ಒಂದು ತೂಕ ಉಂಟು. ನಮ್ಮ ಮಕ್ಕಳು ವಿಜ್ಞಾನ ಕಲಿಯುವುದು ಇಂಗ್ಲಿಷಿನಲ್ಲಿ; ಬೀದಿಯಲ್ಲಿ ಆಡುವುದು ಮರಾಠಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡಕ್ಕೆ ಉಳಿಯುವುದು ಊಟಕ್ಕೆ ಕರೆಯುವ ಮಾತು, ಗದರಿಸುವ ಮಾತು. ಮಗು ಕನ್ನಡದಲ್ಲಿ ಒಂದು ನಿಜವಾದ ಪ್ರಶ್ನೆ ಕೇಳಿದಾಗ "ಟೀಚರನ್ನು ಕೇಳು, ಹೋಗು" ಎಂದುಬಿಟ್ಟರೆ, ಮುಂದಿನ ಪ್ರಶ್ನೆ ಕನ್ನಡದಲ್ಲಿ ಬರುವುದಿಲ್ಲ. ಆದುದರಿಂದ ಈ ಸಲದ ಪುಟವನ್ನೆಲ್ಲ ಆ ಹುಡುಗಿಗೆ ಮೀಸಲಿಟ್ಟಿದ್ದೇವೆ. ದೊಡ್ಡವರೂ ಜೊತೆಗೆ ಕುಳಿತು ಓದಬಹುದು.

ತಂತಿಯ ಬಳಿಯ ಸೂಜಿ

ಕಾಂತಕ್ಕೆ ನಮ್ಮ ಹಿರಿಯರು ಇಟ್ಟ ಹೆಸರುಗಳೇ ಸೊಗಸಾಗಿವೆ. ಸೂಜಿಯನ್ನು ಸೆಳೆಯುವ ಕಲ್ಲು ಸೂಜಿಗಲ್ಲು. ಅಯಸ್ಸು ಎಂದರೆ ಕಬ್ಬಿಣ. ಅದಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಆದರೆ ಈ ಕಲ್ಲಿನ ಸೆಳೆತಕ್ಕೂ ವಿದ್ಯುತ್ತಿಗೂ ನಂಟು ಉಂಟೆಂದು ಪ್ರಯೋಗದಿಂದ ತೋರಿಸಿದ್ದು 1820ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ. ಅಲ್ಲಿನ ಪ್ರಾಧ್ಯಾಪಕ ಓರ್ಸ್ಟೆಡ್ ಎಂಬವರು ತಂತಿಯಲ್ಲಿ ವಿದ್ಯುತ್ತು ಹರಿಸಿದಾಗ ಬಳಿಯಲ್ಲಿದ್ದ ದಿಕ್ಸೂಚಿಯ ಸೂಜಿ ತನ್ನ ಉತ್ತರ ದಿಕ್ಕನ್ನು ಬಿಟ್ಟು ಹೊರಳಿತು. ಪ್ರವಾಹ ನಿಂತಿತು, ಸೂಜಿ ಮರಳಿತು. 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ತಂತಿಯ ಸುರುಳಿಯೊಳಗೆ ಕಾಂತವನ್ನು ಆಡಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ನಮ್ಮ ಜೋಗದಲ್ಲಿ, ಶಿವನಸಮುದ್ರದಲ್ಲಿ ನೀರಿನ ಬಲದಿಂದ ತಿರುಗುವ ಯಂತ್ರಗಳೆಲ್ಲ ಮಾಡುವುದು ಇದೇ ಕೆಲಸವನ್ನು.

ವಿದ್ಯುತ್ತು ಸೂಜಿಯನ್ನು ಕದಲಿಸುತ್ತದೆ ಎಂಬುದಕ್ಕೆ ಮುಂಬಯಿ ಸದಸ್ಯರಿಗೆ ಹತ್ತಿರದ ಸಾಕ್ಷಿ ಬೇಕಿದ್ದರೆ ಅಲಿಬಾಗಿಗೆ ಹೋಗಬೇಕು. ಭೂಮಿಯ ಕಾಂತಶಕ್ತಿಯನ್ನು ಅಳೆಯುವ ವೀಕ್ಷಣಾಲಯವೊಂದು 19ನೆಯ ಶತಮಾನದಲ್ಲಿ ಕೊಲಾಬಾದಲ್ಲಿತ್ತು. ಅಷ್ಟರಲ್ಲಿ ಮುಂಬಯಿಯ ಕುದುರೆ ಟ್ರಾಮುಗಳನ್ನು ತೆಗೆದು ವಿದ್ಯುತ್ ಟ್ರಾಮುಗಳನ್ನು ಓಡಿಸುವ ಏರ್ಪಾಡು ನಡೆಯಿತು. ಟ್ರಾಮಿನ ಪ್ರವಾಹ ಹರಿದರೆ ಕೊಲಾಬಾದ ನವುರಾದ ಸೂಜಿಗಳು ಭೂಮಿಯ ಮಾತನ್ನು ಬಿಟ್ಟು ಟ್ರಾಮಿನ ಮಾತನ್ನು ಕೇಳತೊಡಗುತ್ತವೆ! ಆದಕಾರಣ ಅಲಿಬಾಗಿನಲ್ಲಿ ಹೊಸ ಮನೆ ಕಟ್ಟಿ 1904ರಲ್ಲಿ ಅಲ್ಲಿ ಕೆಲಸ ತೊಡಗಿದರು. ಎರಡು ವರ್ಷ ಎರಡೂ ಕಡೆ ಅಳತೆ ತೆಗೆದು, ಲೆಕ್ಕವನ್ನು ತಾಳೆ ನೋಡಿ, ಆಮೇಲೆ ಕೊಲಾಬಾದ ಅಳತೆಯನ್ನು ನಿಲ್ಲಿಸಿದರು. ವಿದ್ಯುತ್ ಟ್ರಾಮ್ ಓಡಿದ್ದು 1907ರಲ್ಲಿ. ಟ್ರಾಮ್ 1964ರಲ್ಲಿ ನಿಂತೇಹೋಯಿತು. ಅಲಿಬಾಗಿನ ವೀಕ್ಷಣಾಲಯ ಇಂದಿಗೂ ನಡೆಯುತ್ತಿದೆ. ಹೊಟ್ಟೆಪಾಡಿಗೆ ಊರು ಬಿಟ್ಟವರನ್ನು ನಾವೆಲ್ಲ ಬಲ್ಲೆವು. ಸೂಜಿಯ ನೆಮ್ಮದಿಗಾಗಿ ಊರು ಬಿಟ್ಟದ್ದೂ ಉಂಟು.

ಇರಲಿ, ಪ್ರಶ್ನೆಗೆ ಬರೋಣ. ತಂತಿಯಲ್ಲಿ ವಿದ್ಯುತ್ತು ಹರಿದರೆ ಕಾಂತವಾಗುತ್ತದೆ ಸರಿ. ತಂತಿಯೇ ಇಲ್ಲದ ಕಾಂತದ ಗತಿ ಏನು? ಫ್ರಾನ್ಸಿನ ಆಂಪೇರ್ ಆಗಲೇ ಒಂದು ಉತ್ತರ ಕೊಟ್ಟರು. ಕಾಂತದ ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಪ್ರವಾಹಗಳು ಸದಾ ಸುತ್ತುತ್ತಿರುತ್ತವೆ, ಅವೆಲ್ಲ ಒಟ್ಟುಗೂಡಿದ್ದೇ ಕಾಂತಶಕ್ತಿ ಎಂದರು. ಜಾಣತನದ ಊಹೆ. 1897ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ, ಅದೇ ಆ ಸುತ್ತುವ ಪ್ರವಾಹವಿರಬೇಕು ಎಂದು ಎಲ್ಲರೂ ಬಗೆದರು.

ಆದರೆ ಲೆಕ್ಕ ಹಾಕಿ ನೋಡಿದರೆ ಸೋಜಿಗ. ಡೆನ್ಮಾರ್ಕಿನ ನೀಲ್ಸ್ ಬೋರ್ 1911ರಲ್ಲಿ, ಹಾಲೆಂಡಿನ ಹೆಂಡ್ರಿಕಾ ವಾನ್ ಲ್ಯೂವೆನ್ ಎಂಬ ಮಹಿಳೆ 1919ರಲ್ಲಿ, ಒಬ್ಬರ ಕೆಲಸ ಒಬ್ಬರಿಗೆ ತಿಳಿಯದೆ, ಡಾಕ್ಟರೇಟ್ ಪ್ರಬಂಧ ಬರೆಯುತ್ತ ಒಂದೇ ತೀರ್ಮಾನಕ್ಕೆ ಬಂದರು. ನ್ಯೂಟನ್ನನ ಕಾಲದಿಂದ ಬಂದ ಹಳೆಯ ಭೌತಶಾಸ್ತ್ರದ ನಿಯಮಗಳಷ್ಟನ್ನೇ ನಂಬಿದರೆ, ಅಲ್ಲಿಲ್ಲಿ ಓಡಾಡುವ ಎಲೆಕ್ಟ್ರಾನುಗಳ ಕಾಂತಶಕ್ತಿಯೆಲ್ಲ ಕೂಡಿ ಕಳೆದು ಸೊನ್ನೆಯಾಗಬೇಕು! ಅಂದರೆ ಆ ಶಾಸ್ತ್ರದ ಪ್ರಕಾರ ಸೂಜಿಗಲ್ಲು ಇರಲೇಕೂಡದು. ಸೂಜಿಗಲ್ಲೋ ನಮ್ಮ ಕಣ್ಣೆದುರಿಗೇ ಇದೆ. ಹಾಗಿದ್ದರೆ ಕೊರತೆ ಇದ್ದದ್ದು ಕಲ್ಲಿನಲ್ಲಲ್ಲ, ಶಾಸ್ತ್ರದಲ್ಲಿ.

ದಾರಕ್ಕೆ ತೂಗಿದ ಕಬ್ಬಿಣ

ಈ ನಡುವೆ, 1915ರಲ್ಲಿ, ಬರ್ಲಿನ್ನಿನಲ್ಲಿ ಐನ್‌ಸ್ಟೈನ್ ಮತ್ತು ಹಾಲೆಂಡಿನ ಡಿ ಹಾಸ್ ಒಂದು ಪ್ರಯೋಗ ಮಾಡಿದರು. ಕಬ್ಬಿಣದ ಒಂದು ಕಡ್ಡಿಯನ್ನು ಸಣ್ಣ ಎಳೆಯಿಂದ ತೂಗಿಬಿಟ್ಟು, ಸುತ್ತಲೂ ತಂತಿಯ ಸುರುಳಿಯಿಟ್ಟು ವಿದ್ಯುತ್ತು ಹರಿಸಿದರು. ಪ್ರವಾಹದ ದಿಕ್ಕು ಬದಲಿಸಿದಾಗ ಕಡ್ಡಿಯೊಳಗಿನ ಕಾಂತದ ದಿಕ್ಕು ಬದಲಾಯಿತು. ಜೊತೆಗೆ ಕಡ್ಡಿ ತಾನಾಗಿ ತುಸು ತಿರುಗಿತು. ಯಾರೂ ಮುಟ್ಟಲಿಲ್ಲ, ಗಾಳಿ ಬೀಸಲಿಲ್ಲ. ಒಳಗಿದ್ದ ಯಾವುದೋ ತಿರುಗಣೆ ದಿಕ್ಕು ಬದಲಿಸಿದ್ದರಿಂದ ಹೊರಗಿನ ಕಡ್ಡಿ ಅದನ್ನು ಸರಿದೂಗಿಸಲು ತಿರುಗಬೇಕಾಯಿತು. ತಿರುಗುವ ಕುರ್ಚಿಯ ಮೇಲೆ ಕಾಲೆತ್ತಿ ಕುಳಿತು ಕೈಗಳನ್ನು ಒಂದು ಕಡೆಗೆ ರಭಸದಿಂದ ಬೀಸಿದರೆ ಕುರ್ಚಿ ಇನ್ನೊಂದು ಕಡೆಗೆ ತಿರುಗುತ್ತದಲ್ಲ, ಹಾಗೆ.

ಅಳತೆಯ ವಿಷಯದಲ್ಲಿ ಮಾತ್ರ ಒಂದು ತಮಾಷೆ ನಡೆಯಿತು. ಎಲೆಕ್ಟ್ರಾನು ಪರಮಾಣುವಿನೊಳಗೆ ಸುತ್ತು ಹಾಕುವುದರಿಂದಲೇ ಕಾಂತಶಕ್ತಿ ಎಂದು ನಂಬಿ ಲೆಕ್ಕ ಹಾಕಿದರೆ ಎಷ್ಟು ಬರಬೇಕೋ, ಐನ್‌ಸ್ಟೈನರಿಗೂ ಡಿ ಹಾಸರಿಗೂ ಸುಮಾರಾಗಿ ಅಷ್ಟೇ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಬೇರೆಯವರು ಇನ್ನೂ ಎಚ್ಚರದಿಂದ ಅಳೆದಾಗ ಸಿಕ್ಕ ಕಾಂತಶಕ್ತಿ ಅದರ ಎರಡರಷ್ಟು. ಕಬ್ಬಿಣದ ಕಾಂತಶಕ್ತಿಗೆ ಮೂಲವಾದ ತಿರುಗಣೆ ಎಲೆಕ್ಟ್ರಾನಿನ ಸುತ್ತಾಟವಲ್ಲ, ಬೇರೆಯೇ ಒಂದು ಎಂಬುದಕ್ಕೆ ಇದೇ ಸುಳಿವು. ಮಹಾಪಂಡಿತರಾದರೂ ಸರಿಯೆ, ಎದುರುನೋಡಿದ ಅಂಕೆ ಸಿಕ್ಕಿದರೆ ಮನುಷ್ಯನ ಕೈ ಅಲ್ಲಿಗೇ ನಿಲ್ಲುತ್ತದೆ.

1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಎಂಬವರು ಬೆಳ್ಳಿಯ ಆವಿಯನ್ನು ಸಣ್ಣ ಎಳೆಯಂತೆ ಹೊರಡಿಸಿ, ಏರುಪೇರಾದ ಕಾಂತಕ್ಷೇತ್ರದ ನಡುವೆ ಹಾಯಿಸಿ, ಗಾಜಿನ ಮೇಲೆ ಬೀಳಿಸಿದರು. ಬೆಳ್ಳಿಯ ಪರಮಾಣುಗಳು ದಿಕ್ಕುದಿಕ್ಕಿಗೆ ಮುಖ ಮಾಡಿದ ಪುಟ್ಟ ಕಾಂತಗಳಾಗಿದ್ದರೆ ಗಾಜಿನ ಮೇಲೆ ಒಂದು ಹರಡಿದ ಕಲೆ ಮೂಡಬೇಕಿತ್ತು. ಮೂಡಿದ್ದು ಬೇರೆಬೇರೆಯಾದ ಎರಡು ಗುರುತು. ನಡುವೆ ಏನೂ ಇಲ್ಲ. ಅಂದರೆ ಪರಮಾಣುವಿನ ಕಾಂತ 'ಮೇಲೆ' ಇಲ್ಲವೆ 'ಕೆಳಗೆ', ಮೂರನೆಯ ಮಾತಿಲ್ಲ. ಬೆಳ್ಳಿಯ 47 ಎಲೆಕ್ಟ್ರಾನುಗಳಲ್ಲಿ 46ರ ಕಾಂತಶಕ್ತಿ ಪರಸ್ಪರ ಸರಿಹೋಗಿ, ಉಳಿದ ಒಂಟಿ ಎಲೆಕ್ಟ್ರಾನಿನ ಗುಣ ಹೀಗೆ ಹೊರಬಿದ್ದಿತ್ತು. ಆದರೆ ಇದರ ಅರ್ಥ ಪ್ರಯೋಗ ಮಾಡಿದವರಿಗೂ ಆಗ ಪೂರ್ತಿ ತಿಳಿಯಲಿಲ್ಲ.

ಇಬ್ಬರು ತರುಣರು, ಮತ್ತೊಬ್ಬ

1925ರ ಮೊದಲಲ್ಲಿ ರಾಲ್ಫ್ ಕ್ರೋನಿಗ್ ಎಂಬ ಇಪ್ಪತ್ತರ ಹುಡುಗನಿಗೆ ಹೊಳೆಯಿತು: ಎಲೆಕ್ಟ್ರಾನು ಪರಮಾಣುವಿನೊಳಗೆ ಸುತ್ತುವುದರ ಜೊತೆಗೆ ತನ್ನಲ್ಲೇ ತಾನು ಗಿರಕಿ ಹೊಡೆಯುತ್ತಿದ್ದರೆ? ಭೂಮಿ ಸೂರ್ಯನನ್ನು ಸುತ್ತುತ್ತ ತಾನೂ ತಿರುಗುವುದಿಲ್ಲವೆ? ಈ ಮಾತನ್ನು ಅವನು ವೋಲ್ಫ್‌ಗಾಂಗ್ ಪೌಲಿಯ ಮುಂದೆ ಇಟ್ಟ. ಪೌಲಿಗೂ ಆಗ ಇಪ್ಪತ್ತೈದು ತುಂಬಿರಲಿಲ್ಲ, ಆದರೆ ಹೆಸರು ಅಷ್ಟರಲ್ಲೇ ದೊಡ್ಡದು, ನಾಲಗೆ ಇನ್ನೂ ಚುರುಕು. ಊಹೆ ಜಾಣತನದ್ದೇ, ಆದರೆ ಪ್ರಕೃತಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಅರ್ಥದ ಮಾತಾಡಿ ತಳ್ಳಿಹಾಕಿದ. ಕ್ರೋನಿಗ್ ಅದನ್ನು ಎಲ್ಲಿಯೂ ಪ್ರಕಟಿಸಲಿಲ್ಲ.

ಅದೇ ವರ್ಷದ ಕೊನೆಯ ಭಾಗದಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರಿಗೆ, 24 ಮತ್ತು 23ರ ಪ್ರಾಯದವರಿಗೆ, ಇದೇ ಊಹೆ ಹೊಳೆಯಿತು. ಬರೆದು ತಮ್ಮ ಗುರು ಎರೆನ್‌ಫೆಸ್ಟರ ಕೈಗೆ ಕೊಟ್ಟರು. ಹಿರಿಯ ಪಂಡಿತ ಲೊರೆಂಟ್ಸರನ್ನು ಕೇಳಿದಾಗ ಅವರು ಲೆಕ್ಕ ಹಾಕಿ ಒಂದು ದೊಡ್ಡ ಅಡ್ಡಿ ಎತ್ತಿದರು. ಎಲೆಕ್ಟ್ರಾನು ನಿಜವಾಗಿ ತಿರುಗುವ ಗುಂಡಾಗಿದ್ದರೆ, ಬೇಕಾದಷ್ಟು ಕಾಂತಶಕ್ತಿ ಬರಲು ಅದರ ಮೈ ಬೆಳಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಓಡಬೇಕಾಗುತ್ತದೆ, ಅದು ಅಸಾಧ್ಯ. ತರುಣರು ಗಾಬರಿಯಾಗಿ ಲೇಖನವನ್ನು ಹಿಂದಕ್ಕೆ ಕೇಳಲು ಗುರುವಿನ ಬಳಿಗೆ ಓಡಿದರು. ಗುರು ಅಷ್ಟರಲ್ಲೇ ಅದನ್ನು ಅಚ್ಚಿಗೆ ಕಳಿಸಿಬಿಟ್ಟಿದ್ದರು. ನಿಮ್ಮ ವಯಸ್ಸಿಗೆ ಒಂದು ಪೆದ್ದುತನ ನಡೆದೀತು ಎಂದು ಸಮಾಧಾನ ಹೇಳಿದರಂತೆ.

ಪೆದ್ದುತನ ಎನಿಸಿದ್ದು ನಿಂತಿತು. 1928ರಲ್ಲಿ ಇಂಗ್ಲೆಂಡಿನ ಡಿರಾಕ್ ಕ್ವಾಂಟಮ್ ಸಿದ್ಧಾಂತವನ್ನೂ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನೂ ಒಂದೇ ಸಮೀಕರಣದಲ್ಲಿ ಹೊಂದಿಸಿದಾಗ, ಯಾರೂ ಕರೆಯದೆಯೇ ಈ ಗಿರಕಿ ಅದರೊಳಗಿಂದ ತಾನಾಗಿ ಹೊರಬಂತು. ಪ್ರಯೋಗದಲ್ಲಿ ಕಂಡ ಆ 'ಎರಡರಷ್ಟು' ಕೂಡ ಜೊತೆಗೇ ಬಂತು.

ಒಬ್ಬ ಹಿರಿಯ ಗದರಿದ್ದರಿಂದ ಒಂದು ಪ್ರಶ್ನೆ ಮೇಜಿನ ಸೆಳೆಯಲ್ಲಿ ಉಳಿಯಿತು. ಇನ್ನೊಬ್ಬ ಹಿರಿಯ ನಗುತ್ತ ಕಳಿಸಿದ್ದರಿಂದ ಅದೇ ಪ್ರಶ್ನೆ ಲೋಕಕ್ಕೆ ಬೆಳಕಾಯಿತು. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಬುಗುರಿ ಹೌದೋ ಅಲ್ಲವೋ?

ಹಾಗಾದರೆ ಎಲೆಕ್ಟ್ರಾನು ಬುಗುರಿಯೆ? ಲೊರೆಂಟ್ಸರ ಅಡ್ಡಿ ಇಂದಿಗೂ ಸರಿಯಾದದ್ದೇ. ತಿರುಗುವ ಗುಂಡು ಅಲ್ಲಿಲ್ಲ. ಆದರೆ ದಾರಕ್ಕೆ ತೂಗಿದ ಕಡ್ಡಿ ತಿರುಗಿದ್ದೂ ನಿಜ. ಗಿರಕಿ ಉಂಟು, ಗಿರಕಿ ಹೊಡೆಯುವ ಗುಂಡು ಇಲ್ಲ. ವಿದ್ಯುದಂಶದಂತೆ, ತೂಕದಂತೆ, ಈ ಗಿರಕಿಯೂ ಎಲೆಕ್ಟ್ರಾನಿನ ಹುಟ್ಟುಗುಣ. ಯಾರೂ ದಾರ ಸುತ್ತಿ ಬಿಟ್ಟದ್ದಲ್ಲ. ಆದುದರಿಂದ ನಿಲ್ಲುವುದೂ ಇಲ್ಲ, ಮೆಲ್ಲಗಾಗುವುದೂ ಇಲ್ಲ. ಇಂಗ್ಲಿಷಿನಲ್ಲಿ ಇದನ್ನು ಸ್ಪಿನ್ ಎನ್ನುತ್ತಾರೆ, ಕನ್ನಡದಲ್ಲಿ ಗಿರಕಿ ಎನ್ನುತ್ತೇವೆ. ಹೆಸರು ಬುಗುರಿಯಿಂದ ಕಡ ತಂದದ್ದು. ಹೆಸರನ್ನು ನಂಬಿ ಬುಗುರಿಯನ್ನೇ ಹುಡುಕಬಾರದು.

ಈ ಗಿರಕಿಯ ರೀತಿಯೂ ವಿಚಿತ್ರ. ನಾವು ಒಂದು ಸುತ್ತು ತಿರುಗಿದರೆ ಮೊದಲಿದ್ದಂತೆಯೇ ನಿಲ್ಲುತ್ತೇವೆ. ಎಲೆಕ್ಟ್ರಾನು ಮೊದಲಿನ ಸ್ಥಿತಿಗೆ ಬರಲು ಎರಡು ಸುತ್ತು ಬೇಕು. ಇದು ಬರಿಯ ಲೆಕ್ಕವಲ್ಲ. ಇದೇ ಬಗೆಯ ಗಿರಕಿಯುಳ್ಳ ನ್ಯೂಟ್ರಾನುಗಳಲ್ಲಿ 1975ರಲ್ಲಿ ಪ್ರಯೋಗದಿಂದ ತೋರಿಸಿದರು. ಎರಡು ಸುತ್ತಿನ ರುಚಿಯನ್ನು ಮನೆಯಲ್ಲೇ ನೋಡಬಹುದು. ಬಲ ಅಂಗೈಯನ್ನು ಮೇಲ್ಮುಖವಾಗಿ ಹಿಡಿದು ಅದರ ಮೇಲೆ ಒಂದು ಸ್ಟೀಲ್ ತಟ್ಟೆ ಇಡಿ. ತಟ್ಟೆ ವಾಲದಂತೆ ಅದನ್ನು ಕಂಕುಳ ಕೆಳಗಿನಿಂದ ಹಾಯಿಸಿ ಪೂರ್ತಿ ಒಂದು ಸುತ್ತು ತಿರುಗಿಸಿ. ತಟ್ಟೆ ಮೊದಲಿನಂತೆಯೇ ಇದೆ; ತೋಳು ಮಾತ್ರ ತಿರುಚಿ ಮೊಣಕೈ ಮೇಲೆದ್ದಿದೆ. ಅದೇ ದಿಕ್ಕಿನಲ್ಲಿ, ಈ ಸಲ ತಲೆಯ ಮೇಲಿನಿಂದ, ಇನ್ನೊಂದು ಸುತ್ತು ತಿರುಗಿಸಿ. ತಿರುಚು ಬಿಚ್ಚಿಕೊಂಡು ತೋಳು ಮೊದಲಿದ್ದಂತೆ ಬರುತ್ತದೆ! ತಟ್ಟೆ ಖಾಲಿಯಿರಲಿ, ಸಾರು ಬಡಿಸಿದ್ದು ಬೇಡ.

ಕಬ್ಬಿಣಕ್ಕೆ ಮಾತ್ರ ಈ ಭಾಗ್ಯವೇಕೆ?

ಎಲೆಕ್ಟ್ರಾನು ಇಲ್ಲದ ವಸ್ತುವಿಲ್ಲ. ಹಾಗಿದ್ದ ಮೇಲೆ ಹಿತ್ತಾಳೆ ತಂಬಿಗೆ ಯಾಕೆ ಕಾಂತವಾಗಲಿಲ್ಲ? ಬಹಳ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿರುತ್ತವೆ. ಒಂದರ ಗಿರಕಿ ಮೇಲೆ, ಇನ್ನೊಂದರದು ಕೆಳಗೆ, ಕೂಡಿದರೆ ಸೊನ್ನೆ. ಕಬ್ಬಿಣದ ಬಿಡಿ ಪರಮಾಣುವಿನ 26 ಎಲೆಕ್ಟ್ರಾನುಗಳಲ್ಲಿ ನಾಲ್ಕಕ್ಕೆ ಜೋಡಿಯಿಲ್ಲ. ಹೀಗಾಗಿ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಸೂಜಿಗಲ್ಲು.

ಇಷ್ಟೇ ಸಾಲದು. ಕೋಟಿ ಕೋಟಿ ಪುಟ್ಟ ಸೂಜಿಗಲ್ಲುಗಳು ಒಂದೇ ದಿಕ್ಕಿಗೆ ಮುಖ ಮಾಡಬೇಕು. ಅವನ್ನು ಸಾಲುಗೂಡಿಸುವವರು ಯಾರು? ಒಂದರ ಕಾಂತಶಕ್ತಿ ಇನ್ನೊಂದನ್ನು ಎಳೆದು ನಿಲ್ಲಿಸುತ್ತದೆ ಎಂದು ನಾವು ಎಣಿಸುವುದು ಸಹಜ. ಲೆಕ್ಕ ಹಾಕಿದರೆ ಆ ಎಳೆತ ತೀರ ದುರ್ಬಲ. ಅದೊಂದೇ ಇದ್ದಿದ್ದರೆ, ಶೀತದ ಕಟ್ಟಕಡೆಯ ಮಿತಿಯಾದ ಮೈನಸ್ 273 ಡಿಗ್ರಿಯಿಂದ ಒಂದು ಡಿಗ್ರಿಯಷ್ಟು ಬಿಸಿಯಾದರೂ ಸಾಲು ಚದರಿಹೋಗುತ್ತಿತ್ತು. ಕಬ್ಬಿಣವಾದರೋ 770 ಡಿಗ್ರಿಯವರೆಗೆ ತನ್ನ ಈ ಗುಣವನ್ನು ಬಿಡುವುದಿಲ್ಲ.

ಒಗಟನ್ನು ಬಿಡಿಸಿದವರು ಜರ್ಮನಿಯ ಹೈಸೆನ್‌ಬರ್ಗ್, 1928ರಲ್ಲಿ. ಸಾಲುಗೂಡಿಸುವುದು ಕಾಂತದ ಬಲವಲ್ಲ, ವಿದ್ಯುತ್ತಿನ ಬಲ! ಹೇಗೆಂದರೆ, ಎಲೆಕ್ಟ್ರಾನುಗಳಿಗೆ ಒಂದಕ್ಕೊಂದು ಆಗದು. ಎಲ್ಲವೂ ಋಣವಿದ್ಯುತ್ತಿನವು, ದೂರ ತಳ್ಳುತ್ತವೆ. ಪೌಲಿ ಕಂಡುಹಿಡಿದ ಒಂದು ಕಟ್ಟಳೆಯೂ ಉಂಟು: ಒಂದೇ ಗಿರಕಿಯ ಎರಡು ಎಲೆಕ್ಟ್ರಾನುಗಳು ಒಂದೇ ತಾವಿನಲ್ಲಿ ಇರಕೂಡದು. ಹಾಗಾಗಿ ಒಂದೇ ಗಿರಕಿಯವು ತಾವಾಗಿ ದೂರ ಸರಿದು ನಿಲ್ಲುತ್ತವೆ. ದೂರ ನಿಂತುದರಿಂದ ತಳ್ಳಾಟ ಕಡಿಮೆ. ಕಬ್ಬಿಣದಲ್ಲಿ ಈ ನೆಮ್ಮದಿಯ ಲಾಭ ದೊಡ್ಡದು. ಅದಕ್ಕಾಗಿ ಎಲ್ಲವೂ ಒಂದೇ ದಿಕ್ಕನ್ನು ಒಪ್ಪಿಕೊಳ್ಳುತ್ತವೆ. ದಾದರಿನ ಲೋಕಲ್ ಬಂಡಿಯಲ್ಲಿ ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ನಿಂತರೆ ಮೊಣಕೈ ತಿವಿತ ಕಡಿಮೆಯಾಗುವುದನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಹುದು.

ಹಾಗಾದರೆ ಮನೆಯ ಮೊಳೆ ಯಾಕೆ ಇನ್ನೊಂದು ಮೊಳೆಯನ್ನು ಎಳೆಯುವುದಿಲ್ಲ? ಅದರೊಳಗೆ ಸಾಲು ಉಂಟು, ಆದರೆ ಓಣಿ ಓಣಿಗೆ ಬೇರೆ ದಿಕ್ಕು. ಒಟ್ಟು ಮೊತ್ತ ಸೊನ್ನೆ. ಕಾಂತದಿಂದ ಉಜ್ಜಿದರೆ ಓಣಿಗಳೆಲ್ಲ ಬಹುಮಟ್ಟಿಗೆ ಒಂದಾಗುತ್ತವೆ. ಫ್ರಿಜ್ಜಿನ ಗಣಪತಿಯ ಬೆನ್ನಿಗೆ ಇರುವುದು ಸಾಮಾನ್ಯವಾಗಿ ಫೆರೈಟ್ ಎಂಬ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿದ ರಬ್ಬರು. ಅಲ್ಲಿ ಗಿರಕಿಗಳ ಜೋಡಣೆ ತುಸು ಬೇರೆ: ಹೆಚ್ಚಿನವು ಒಂದು ಕಡೆಗೆ, ಉಳಿದವು ಎದುರು ಕಡೆಗೆ, ಕಳೆದು ಉಳಿದದ್ದೇ ಕಾಂತಶಕ್ತಿ. ಅದರ ಓಣಿಗಳು ಹಟಮಾರಿ. ಒಮ್ಮೆ ತಿರುಗಿಸಿಟ್ಟ ದಿಕ್ಕನ್ನು ಬಿಡುವುದಿಲ್ಲ.

ಇದಕ್ಕೆ ಎದುರಾಗಿ ನಮ್ಮ ಭೂಮಿತಾಯಿಯನ್ನು ನೋಡಿ. ಅವಳ ಒಡಲಿನ ಕಬ್ಬಿಣ 770 ಡಿಗ್ರಿಯನ್ನು ಎಂದೋ ದಾಟಿ ಕುದಿಯುವ ಕಾವಿನಲ್ಲಿದೆ. ಅಲ್ಲಿ ಗಿರಕಿಗಳ ಸಾಲು ನಿಲ್ಲದು. ಅಲಿಬಾಗಿನಲ್ಲಿ ಅಳೆಯುವ ಭೂಕಾಂತಶಕ್ತಿ ಬಹುಮಟ್ಟಿಗೆ ಹುಟ್ಟುವುದು ಕರಗಿದ ಕಬ್ಬಿಣದ ಹರಿದಾಟದಲ್ಲಿ ಏಳುವ ವಿದ್ಯುತ್ಪ್ರವಾಹದಿಂದ. ಭೂಮಿಯದು ಹರಿಯುವ ವಿದ್ಯುತ್ತಿನ ಕಾಂತ. ಗಣಪತಿಯದು ಗಿರಕಿಯ ಕಾಂತ.

ಈ ಜ್ಞಾನ ಪುಸ್ತಕದಲ್ಲೇ ಉಳಿಯಲಿಲ್ಲ. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡದ್ದು ಇದು: ಕಬ್ಬಿಣ, ಕ್ರೋಮಿಯಂ, ಮತ್ತೆ ಕಬ್ಬಿಣ ಎಂದು ಅತಿ ತೆಳುವಾದ ಪದರಗಳನ್ನು ಜೋಡಿಸಿದರೆ, ಕಬ್ಬಿಣದ ಪದರಗಳ ಕಾಂತದಿಕ್ಕು ಒಂದೇ ಆಗಿದ್ದಾಗ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಎದುರುಬದುರಾದಾಗ ತಡೆ ಹೆಚ್ಚುತ್ತದೆ. ಹರಿಯುವ ಎಲೆಕ್ಟ್ರಾನಿನ ಗಿರಕಿಯನ್ನು ಪದರಗಳು ಬಾಗಿಲು ಕಾಯುವವರಂತೆ ನೋಡಿ ಬಿಡುತ್ತವೆ. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಬರೆದಿಟ್ಟ ಅತಿ ಸಣ್ಣ ಕಾಂತದ ಗುರುತುಗಳನ್ನು ಓದಲು 1997ರಿಂದ ಇದನ್ನೇ ಬಳಸಿದರು. ಇಬ್ಬರಿಗೂ 2007ರಲ್ಲಿ ನೊಬೆಲ್ ಪಾರಿತೋಷಕ ಬಂತು. ಎಂ.ಆರ್.ಐ. ಯಂತ್ರ ನಮ್ಮ ದೇಹದ ಒಳಚಿತ್ರ ತೆಗೆಯುವುದೂ ಗಿರಕಿಯಿಂದಲೇ. ಅಲ್ಲಿ ಮಾತ್ರ ಎಲೆಕ್ಟ್ರಾನಿನದಲ್ಲ, ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಹೈಡ್ರೋಜನ್ನಿನ ಪ್ರೋಟಾನಿನ ಗಿರಕಿ.

ಮಕ್ಕಳಿಗೆ ಹೇಳಬೇಕಾದ ಉತ್ತರ ಇಷ್ಟು: ಗಣಪತಿಯ ಕಾಂತದಲ್ಲಿ ಯಾವ ಪ್ರವಾಹವೂ ಹರಿಯುತ್ತಿಲ್ಲ, ಆದಕಾರಣ ಬ್ಯಾಟರಿ ಬೇಕಿಲ್ಲ. ಎಲೆಕ್ಟ್ರಾನು ಹುಟ್ಟಿನಿಂದಲೇ ಪುಟ್ಟ ಕಾಂತ. ಅಂಥವನ್ನು ಸಾಲಾಗಿ ನಿಲ್ಲಿಸಿದ್ದು ಅವುಗಳ ನಡುವಣ ವಿದ್ಯುತ್ತಿನ ತಳ್ಳಾಟ. 'ಬುಗುರಿ' ಎಂದರೆ ತಪ್ಪೇನಿಲ್ಲ, ಆದರೆ ಅದು ಹೋಲಿಕೆ ಎಂದು ಕೂಡಲೇ ಹೇಳಿಬಿಡಬೇಕು. ಹೋಲಿಕೆಯನ್ನೇ ನಿಜವೆಂದು ಕಲಿತ ಮಗು ಮುಂದೆ ನಿಜವನ್ನು ಕಲಿಯಲು ಹೋಲಿಕೆಯನ್ನು ಮರೆಯಬೇಕಾಗುತ್ತದೆ.

ಈ ತ್ರೈಮಾಸಿಕಕ್ಕೆ ಒಂದು ಮನೆಗೆಲಸ. ದೊಡ್ಡ ಸೂಜಿಯೊಂದನ್ನು ಕಾಂತದ ಮೇಲೆ ಒಂದೇ ದಿಕ್ಕಿನಲ್ಲಿ ಮೂವತ್ತು ನಾಲ್ವತ್ತು ಸಲ ಉಜ್ಜಿ. ಪಿಂಗಾಣಿ ಬಟ್ಟಲಿನ ನೀರಿನಲ್ಲಿ ಒಂದು ಎಲೆಯ ತುಣುಕು ತೇಲಿಸಿ ಅದರ ಮೇಲೆ ಸೂಜಿಯನ್ನು ಮಲಗಿಸಿ. ಅದು ಉತ್ತರ ದಕ್ಷಿಣವಾಗಿ ನಿಂತಾಗ, ಒಂದು ತಂತಿಯನ್ನು ಸೂಜಿಯ ನೇರಕ್ಕೆ, ತುಸು ಮೇಲೆ ಹಿಡಿದು, ತುದಿಗಳನ್ನು ಟಾರ್ಚಿನ ಸೆಲ್ಲಿಗೆ ಒಂದೆರಡು ಕ್ಷಣ ಮುಟ್ಟಿಸಿ. ಸೂಜಿ ಹೊರಳುತ್ತದೆ. ಸೆಲ್ಲನ್ನು ತಿರುಗಿಸಿ ಹಿಡಿದರೆ ಎದುರು ಕಡೆಗೆ ಹೊರಳುತ್ತದೆ. ಹೆಚ್ಚು ಹೊತ್ತು ಹಿಡಿಯಬಾರದು, ತಂತಿ ಬಿಸಿಯಾಗುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರಕ್ಕಂತೂ ಹೋಗಲೇಬಾರದು. ಚಿಕ್ಕ, ಬಲವಾದ ಗುಂಡಿ ಕಾಂತಗಳನ್ನು ಎಳೆಮಕ್ಕಳ ಕೈಗೆ ಸಿಗದಂತೆ ಇಡಿ; ನುಂಗಿದರೆ ಕರುಳಿಗೆ ಅಪಾಯ.

ಸೂಜಿ ಎಷ್ಟು ಹೊರಳಿತು, ಯಾವ ಕಡೆಗೆ ಹೊರಳಿತು ಎಂಬುದನ್ನು ಮಕ್ಕಳೇ ಕನ್ನಡದಲ್ಲಿ ಬರೆದು ನಮಗೆ ಕಳಿಸಲಿ. ಅಕ್ಷರ ತಪ್ಪಿದ್ದರೂ ಚಿಂತೆಯಿಲ್ಲ, ತಿದ್ದಿಕೊಳ್ಳೋಣ. ಒಳ್ಳೆಯ ಬರಹಗಳನ್ನು ಮುಂದಿನ ಸಂಚಿಕೆಯ ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.